ಗಂಜಿ ಬಿಟ್ಟ ಮೇಲೆ

ತಣ್ಣಗೆ, ಅಂಟಂಟಾಗಿ ಹೊಕ್ಕುಳ ಕೆಳಗೆ ಏನೋ ಬಿತ್ತು, ಗಂಜಿ ಎಂದುಕೊಂಡಳು ಮಹೇಶ್ವರಿ, ಒಂದು ಗಳಿಗೆ ನಿಜಕ್ಕೂ ಗಂಜಿಯೆಂದೇ, ಆರಿದ ಜೋಳದ ಗಂಜಿ ಬೆರಳ ಸಂದಿಯಿಂದ ಜಾರುವಾಗ ಇಷ್ಟೇ ತಣ್ಣಗಿರುತ್ತದೆ, ಹೀಗೇ ಮೈ ಜುಮ್ಮೆನಿಸುತ್ತದೆ — ಹೆದರಬ್ಯಾಡವ್ವ, ಸ್ಕ್ಯಾನಿನ ಜೆಲ್ಲು ಇದು, ಮಷೀನ ಸರಳ ಜಾರ್ಲಿ ಅಂತ ಹಚ್ಚತೀವಿ, ಎನ್ನುತ್ತಿದ್ದಾರೆ ಡಾಕ್ಟರ್ ಇಷ್ರತ, ಸರಳ ಜಾರಲಿ ಅಂತ, ಹೌದು ಮತ್ತೆ, ಮಗ್ಗಕ್ಕೇರುವ ನೂಲಿಗೆ ಗಂಜಿ ಹಚ್ಚುವುದೂ ಅದಕ್ಕೇ, ಲಾಳಿ ಜಾರಲಿ, ಹಣಿಗೆ ಬಡಿದಾಗ ಎಳೆ ಹರಿಯದಿರಲಿ, ಆದರೆ ಗಂಜಿ ಹಚ್ಚುವುದು ನೂಲಿಗೆ, ಬಟ್ಟೆಗಲ್ಲ, ಹಾಗಾದರೆ ತಾನೀಗ ನೂಲೋ ಬಟ್ಟೆಯೋ, ಈ ಒಂದು ಪ್ರಶ್ನೆ ಮೊನ್ನೆಯಿಂದ ತಲೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದೆ, ಬೆಳಿಗ್ಗೆ ಗಜೇಂದ್ರಗಡದಿಂದ ರೋಣಕ್ಕೆ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿದಾಗಲೂ ಅದೇ, ಈಗ ಈ ಎತ್ತರದ ಮಂಚದ ಮೇಲೆ ಅಂಗಾತ ಮಲಗಿದಾಗಲೂ ಅದೇ. ಮೇಲೆ ಫ್ಯಾನು ತಿರುಗುತ್ತಿದೆ, ಒಂದು ರೆಕ್ಕೆ ಸೊಟ್ಟ, ಗೋಡೆಯ ಮೇಲೆ ಹುಟ್ಟುವ ಕೂಸು ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು, ಹೇಳಬೇಡಿ ತಾಯಿ, ಯಾರು ಕೇಳಿದರು, ಗಂಡಾಗಲಿ ಹೆಣ್ಣಾಗಲಿ ಹೊರಗೆ ಬರುವ ಹೊತ್ತಿನ ತನಕ ಒಳಗೆ ಇದ್ದರೆ ಸಾಕು, ಈ ಹೊಟ್ಟೆ ಅಲ್ಲಿಯ ತನಕ ಹಿಡಿಯುತ್ತದೋ ಇಲ್ಲವೋ, ಅದೊಂದನ್ನು ಹೇಳಿ. ಹೊರಗೆ ಬೆಂಚಿನ ಮೇಲೆ ಗಂಡ ಹಾಲೇಶ ಕೂತಿದ್ದಾನೆ, ಅವನ ಪಕ್ಕದ ಅಸೂಟಿ ಊರಿನ ಹೆಂಗಸು ಎಷ್ಟನೇದು ಎಂದು ಕೇಳುತ್ತಿದ್ದಳು, ಎರಡನೇದ್ರಿ ಎಂದು ಕೈ ಮಡಚಿದ, ಬಿಚ್ಚಿದ, ಪಾಪ, ಮಗ್ಗದ ಸದ್ದಿನಲ್ಲಿ ಬೆಳೆದ ಗಂಡಸು, ಸುಮ್ಮನೆ ಕೂತರೆ ಅವನಿಗೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಮೊನ್ನೆ ಮಧ್ಯಾಹ್ನ ಕಡಲೆ ಹಸನು ಮಾಡುತ್ತ ಕೂತಿದ್ದಳು, ದೂಳಿಗೆ ಸೀನು ಬಂತು, ಸೀನಿದಳು, ಕೈ ತಾನಾಗಿ ಹಳೆಯ ಗಾಯದ ಮೇಲೆ ಹೋಯಿತು, ಎರಡು ವರ್ಷದಿಂದ ಅದೇ ರೂಢಿ, ಸೀನಿದರೂ ಕೆಮ್ಮಿದರೂ ನಕ್ಕರೂ ಕೈ ಅಲ್ಲಿಗೇ, ನಮ್ಮ ಸೊಸಿ ನಕ್ಕಳಂದ್ರ ಹೊಟ್ಟಿ ಹಿಡಕೊಂಡ ನಗಬೇಕು ನೋಡ್ರೆವಾ, ಇಲ್ಲಂದ್ರ ನಗೂದ ಇಲ್ಲ, ಎಂದು ಅತ್ತೆ ಶಂಕ್ರವ್ವ ಓಣಿಯವರ ಮುಂದೆ ಚೇಷ್ಟೆ ಮಾಡುತ್ತಾಳೆ — ಕೈಗೆ ಗಂಟು ತಾಗಿತು, ಲಿಂಬೆಹಣ್ಣಿನಷ್ಟು, ಗಟ್ಟಿ, ಅದೇ ಹಳೆಯ ಜಾಗದಲ್ಲಿ, ಒತ್ತಿದರೆ ಸರ್ರನೆ ಒಳಗೆ ಸರಿಯಿತು, ಕೈ ತೆಗೆದರೆ ಮತ್ತೆ ಬಂತು, ಹೋಯಿತು, ಹೊಟ್ಟೆಯೊಳಗೆ ಹಾಕಿಸಿದ ಜಾಳಿಗೆ ಕರಗಿತು, ಗಂಜಿ ಹೋಯಿತು, ಎಳೆ ಬಿಟ್ಟಿತು, ಕಡಲೆಯ ಮೊರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹಾಲೇಶ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಹಸಿರು ಸೀರೆ ನೇಯುತ್ತಿದ್ದ, ಅವಳದೇ ಕುಬಸದ ಸೀರೆ, ಅವಳು ಹೋಗಿ ಎದುರು ನಿಂತಳು, ಅವನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟಳು, ಅಷ್ಟರಲ್ಲಿ ಗಂಟು ಒಳಗೆ ಹೋಗಿತ್ತು, ಎಲ್ಲೈತಿ ಎಂದ, ಇತ್ತು ಎಂದಳು, ಮಗ್ಗ ನಿಂತಿತು, ಮಗ್ಗ ನಿಂತರೆ ಓಣಿಗೆಲ್ಲ ಗೊತ್ತಾಗುತ್ತದೆ, ಪಕ್ಕದ ಮನೆಯ ಮೈಮುನಬಿ ಗೋಡೆಯಾಚೆಯಿಂದ ಯಾಕ ಹಾಲೇಶಣ್ಣಾ ಲಾಳಿ ಸಿಕ್ಕೊಂತೇನು ಎಂದು ಕೂಗಿದಳು. ಅವನ ಮುಖ ನೋಡಿ ಅವಳಿಗೆ ಅಳು ಬಂತು, ತನಗಾಗಿ ಅಲ್ಲ, ಒಳಗಿರುವುದಕ್ಕಾಗಿ, ಏಳು ತಿಂಗಳು ಹೊತ್ತಿದ್ದಾಳೆ, ಅದಕ್ಕೆ ಹೆಸರಿಲ್ಲ, ಮುಖವಿಲ್ಲ, ಆದರೂ ಅದು ತನ್ನದು, ಅದು ಬೇಕು, ಎಷ್ಟು ಬೇಕೆಂದರೆ ಬಾಯಿಬಿಟ್ಟು ಹೇಳಲು ಹೆದರಿಕೆ.

ಅತ್ತೆಗೆ ಅದು ಗೊತ್ತಿಲ್ಲ, ಅತ್ತೆಗೆ ಬೇರೆಯೇ ಗುಮಾನಿ. ಐದನೇ ತಿಂಗಳಲ್ಲೇ ಶಂಕ್ರವ್ವ ಕುಬಸ ಮಾಡೋಣ ಎಂದಿದ್ದಳು, ಓಣಿಯ ಹೆಂಗಸರು ಸೇರಿ ಬಸುರಿಗೆ ಎಣ್ಣೆ ಹಚ್ಚಿ ಬಿಸಿ ನೀರೆರೆದು ಹಸಿರು ಸೀರೆ ಉಡಿಸಿ ಹಸಿರು ಬಳೆ ತೊಡಿಸಿ ಉಡಿ ತುಂಬುವುದು, ಯಾರು ಬೇಡ ಅನ್ನುತ್ತಾರೆ, ಮಹೇಶ್ವರಿ ಬೇಡ ಅಂದಳು, ಈಗ ಬ್ಯಾಡತ್ತಿ, ತವರಿನವರಿಗೆ ಹತ್ತಿ ಬಿಡಿಸೋ ಗದ್ದಲ, ನರಗುಂದದಿಂದ ಬರಾಕ ಆಗಂಗಿಲ್ಲ ಎಂದಳು, ಹತ್ತಿ ಬಿಡಿಸುವುದು ಮುಗಿಯಿತು, ಆಮೇಲೆ ಮೈಯಾಗ ಹುಷಾರಿಲ್ಲ ಎಂದಳು, ಆಮೇಲೆ ಮಗಳು ರೇಷ್ಮಾಳ ಸಾಲಿ ಪರೀಕ್ಷೆ ಎಂದಳು, ಒಂದನೇ ಇಯತ್ತೆಯ ಪರೀಕ್ಷೆಗೆ ತಾಯಿಯ ಕುಬಸ ನಿಲ್ಲಿಸುತ್ತಾರೆಯೇ, ಶಂಕ್ರವ್ವ ಒಂದು ದಿನ ಒಲೆಯ ಮುಂದೆ ಕೂತು ಉರಿ ದೂಡುತ್ತ, ಮುಖ ನೋಡದೆ, ನಿನಗ ಈ ಕೂಸು ಬ್ಯಾಡಾಗಿತ್ತೇನ ಮಹೇಶೀ, ಇದ್ದದ್ದ ಹೇಳಿಬಿಡು, ಎಂದಳು. ಆ ಮಾತು ಎಲ್ಲಿ ನಾಟಿತೋ ಅಲ್ಲೇ ಇದೆ ಇನ್ನೂ. ಬೇಡವೆಂದಲ್ಲ ಅತ್ತೆ, ನೀರು ಬೇಡ, ನೀವು ನಾಲ್ಕು ಜನ ಹೆಂಗಸರು ಸೇರಿ ನನ್ನ ಹೊಟ್ಟೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿಯುತ್ತೀರಲ್ಲ, ಅದಕ್ಕೆ ಹೆದರಿಕೆ, ಆದರೆ ಇದನ್ನು ಹ್ಯಾಂಗ ಹೇಳುವುದು, ಹೇಳಿದರೆ ಪ್ಲಾಸ್ಟಿಕ್ಕಿನ ವಿಷಯ ಹೇಳಬೇಕು, ಪ್ಲಾಸ್ಟಿಕ್ಕಿನ ವಿಷಯ ಹೇಳಿದರೆ ಮಳೆಯ ವಿಷಯ ಹೇಳಬೇಕು.

ರೇಷ್ಮಾ ಹುಟ್ಟಿದ್ದು ನರಗುಂದದಲ್ಲಿ, ಹೊಟ್ಟೆ ಕೊಯ್ದು ತೆಗೆದರು, ಚೆನ್ನಾಗಿಯೇ ತೆಗೆದರು, ಚೆನ್ನಾಗಿಯೇ ಹೊಲಿದರು, ತಪ್ಪು ಯಾರದೂ ಅಲ್ಲ, ತವರಿನಲ್ಲಿ ಕೂತು ಕೂತು ಬೇಸತ್ತು ಬಾಣಂತನ ಮುಗಿಯುವ ಮೊದಲೇ ಗಂಡನ ಮನೆಗೆ ಬಂದು ಮಗ್ಗಕ್ಕಿಳಿದವಳು ಇವಳೇ, ಕುಣಿ ಮಗ್ಗದಲ್ಲಿ ಕೂತರೆ ಎದುರಿನ ಮರಕ್ಕೆ ಹೊಟ್ಟೆ ಒತ್ತುತ್ತದೆ, ಕಾಲು ತುಳಿಯುತ್ತಲೇ ಇರಬೇಕು, ತುಳಿದಾಗೊಮ್ಮೆ ಒಳಗೆ ಎಲ್ಲೋ ಎಳೆಯುತ್ತಿತ್ತು, ಎಳೆದರೆ ಎಳೆಯಲಿ ಎಂದುಕೊಂಡಳು, ಹೊಲಿಗೆ ಇನ್ನೂ ಹಸಿ ಇರಬೇಕು ಎಂದುಕೊಂಡಳು, ಒಂದು ದಿನ ಕೊಡ ಎತ್ತಿದಾಗ ಗಾಯದ ಪಕ್ಕ ಒಂದು ಉಬ್ಬು ಎದ್ದು ನಿಂತಿತು, ವರ್ಷ ಕಳೆದಂತೆ ಅದು ತೆಂಗಿನಕಾಯಿಯಷ್ಟಾಯಿತು, ಮಲಗಿದರೆ ಮಾಯ, ನಿಂತರೆ ಹಾಜರ, ಸೀರೆಯ ನಿರಿಗೆಯೊಳಗೆ ಮುಚ್ಚಿಟ್ಟುಕೊಂಡು ತಿರುಗಿದಳು, ಎಷ್ಟು ದಿನ ಮುಚ್ಚಲಾದೀತು. ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಸರ್ಜನ್ನು ಕೈಯಿಂದ ಒತ್ತಿ ನೋಡಿ, ಹರ್ನಿಯಾ, ಹೊಟ್ಟಿ ಗ್ವಾಡಿ ಬಿಟ್ಟೈತಿ, ಒಳಗಿನ ಕರುಳು ಸಂದ್ಯಾಗಿಂದ ಹೊರಗ ಇಣಕಾಕತ್ತೈತಿ ಎಂದರು, ಸುಮ್ಮನೆ ಹೊಲಿದರೆ ನಿಲ್ಲುವುದಿಲ್ಲ, ಜಾಳಿಗೆ ಹಾಕಬೇಕು, ಇನ್ನೊಂದು ಕೂಸು ಬೇಕೇನು ಎಂದು ಕೇಳಿದರು. ಅವಳು ಹಾಲೇಶನ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಲಿಲ್ಲ, ಬೇಕ್ರಿ ಎಂದಳು, ಆ ಬೇಕ್ರಿ ಬಾಯಿಂದ ಬಂದಾಗ ಅವಳಿಗೇ ಸೋಜಿಗ. ಹಂಗಾದ್ರ ಕಾಯಂ ಉಳಿಯೋ ಜಾಳಿಗಿ ಬ್ಯಾಡ, ಮುಂದ ಹೊಟ್ಟಿ ಹಿಗ್ಗಬೇಕಲ್ಲ, ಕರಗೋದು ಹಾಕೋಣ, ಎಂದು ಅವರು ಮೇಜಿನ ಖಾನೆಯಿಂದ ಒಂದು ತುಣುಕು ತೆಗೆದು ಅವಳ ಅಂಗೈಯಲ್ಲಿ ಇಟ್ಟರು.

ಅಬ್ಬಾ, ಆ ತುಣುಕು. ಬೆಳ್ಳಗೆ, ಹಗುರ, ಸಣ್ಣ ಸಣ್ಣ ಕಣ್ಣು, ಒಂದೇ ಎಳೆ ತನ್ನನ್ನು ತಾನೇ ಹಿಡಿದುಕೊಂಡು ಓಡಿದೆ, ನೇಯ್ದದ್ದಲ್ಲ ಹೆಣೆದದ್ದು, ಬೆಳಕಿಗೆ ಹಿಡಿದರೆ ಕಣ್ಣುಗಳಿಂದ ಬೆಳಕು ಇಳಿಯಿತು, ಎಳೆದು ನೋಡಿದಳು, ಹರಿಯಲಿಲ್ಲ, ಹುಟ್ಟಿದಾಗಿನಿಂದ ನೂಲಿನ ನಡುವೆ ಇದ್ದವಳು, ಹತ್ತಿ, ರೇಷ್ಮೆ, ಚಮಕಾ ಎಲ್ಲ ಬೆರಳಿಗೆ ಪರಿಚಯ, ಇದು ಯಾವುದೂ ಅಲ್ಲ, ಇದು ಯಾತರದ್ದ್ರೀ ಎಂದಳು, ಸರ್ಜನ್ನು ಹೇಳಿದರು, ಕಣ್ಣಿಗೆ ಕಾಣದ ಒಂದು ನಮೂನಿ ಜೀವಿಗಳನ್ನು ಉಣಿಸಿ ಬೆಳೆಸುತ್ತಾರೆ, ಅವು ತಮ್ಮ ಮೈಯೊಳಗೆ ಒಂದು ವಸ್ತು ಕೂಡಿಡುತ್ತವೆ, ಅದನ್ನು ತೆಗೆದು ಕರಗಿಸಿ ಎಳೆ ಮಾಡುತ್ತಾರೆ, ಒಳಗೆ ಇಟ್ಟರೆ ಅದರ ಕಣ್ಣು ಕಣ್ಣಿನೊಳಗೆ ನಿಮ್ಮದೇ ಮಾಂಸ ನುಗ್ಗಿ ಬೆಳೆಯುತ್ತದೆ, ಅದು ಸಾವಕಾಶ ಕರಗುತ್ತದೆ, ವರ್ಷ ಒಂದೂವರೆ ವರ್ಷ, ಅಷ್ಟರೊಳಗ ನಿಮ್ಮ ಗ್ವಾಡಿ ನೀವ ಕಟಗೊಂಡಿರ್ತೀರಿ. ನೀವ ಕಟಗೊಂಡಿರ್ತೀರಿ. ರೇಷ್ಮೆ ಬಿಡುವ ಹುಳವನ್ನು ನೋಡಿ ಬಲ್ಲಳು, ಆದರೆ ಹುಳಕ್ಕಿಂತ ಸಣ್ಣ, ಕಣ್ಣಿಗೇ ಕಾಣದ ಜೀವ, ಎಲ್ಲೋ ಯಾವುದೋ ದೇಶದ ಪಾತ್ರೆಯೊಳಗೆ ಕೂತು, ಗಜೇಂದ್ರಗಡದ ನೇಕಾರರ ಓಣಿಯ ಒಬ್ಬ ಹೆಂಗಸಿಗಾಗಿ ನೂಲು ಮಾಡಿತೇ, ಆ ಜೀವಕ್ಕೆ ಇದು ಗೊತ್ತೇ, ಗೊತ್ತಿಲ್ಲದೆಯೂ ಮಾಡಿತಲ್ಲ, ಕೈ ಮುಗಿಯಬೇಕೆನಿಸಿತು, ಯಾವ ದಿಕ್ಕಿಗೆ ಮುಗಿಯುವುದೆಂದು ತಿಳಿಯದೆ ತುಣುಕನ್ನು ಕಣ್ಣಿಗೊತ್ತಿಕೊಂಡಳು, ಸರ್ಜನ್ನು ನಗಲಿಲ್ಲ, ಒಳ್ಳೆಯ ಮನುಷ್ಯ.

ಆಪರೇಷನ್ ಆಯಿತು, ಎಚ್ಚರವಾದಾಗ ಹೊಟ್ಟೆಯ ಮೇಲೆ ಕಲ್ಲು ಹೇರಿದ ಭಾರ, ಮನೆಗೆ ಕಳಿಸುವ ದಿನ ನರ್ಸು ಬಂದು ಗಾಯಕ್ಕೆ ಪಟ್ಟಿ ಕಟ್ಟುತ್ತ, ನೀರ ತಾಗಿಸಬ್ಯಾಡ್ರಿ ಮತ್ತ, ಹುಷಾರ, ಎಂದಳು. ಅಷ್ಟೇ ಎಂದಳು. ಯಾವಾಗಿನ ತನಕ ಎಂದು ಅವಳು ಹೇಳಲಿಲ್ಲ, ಮಹೇಶ್ವರಿ ಕೇಳಲಿಲ್ಲ, ಕೇಳುವುದೇನಿದೆ, ನೇಕಾರರ ಮನೆಯವಳಿಗೆ ಗಂಜಿ ಹಚ್ಚಿದ ಎಳೆಗೆ ನೀರು ತಾಗಿಸಬೇಡ ಎಂದು ಎರಡು ಸಲ ಹೇಳಬೇಕೇ, ಕರಗುವ ಜಾಳಿಗೆ, ನೀರು ತಾಗಿಸಬೇಡ, ಎರಡು ಮಾತು ತಲೆಯೊಳಗೆ ಒಂದಕ್ಕೊಂದು ಗಂಟು ಹಾಕಿಕೊಂಡವು, ಆ ಗಂಟು ಬಿಗಿದದ್ದು ಆ ಮಳೆ. ಮದುವೆಯಾಗಿ ಬಂದ ಮೊದಲ ವರ್ಷ, ಬೆಳ್ಳಂಬೆಳಿಗ್ಗೆ ಓಣಿಯ ತುಂಬ ಹಾಸು, ಮಗ್ಗಕ್ಕೇರುವ ಉದ್ದನೆಯ ಎಳೆ, ಹರವಿದ್ದರು, ಮನೆಯಿಂದ ಮನೆಗೆ, ಮೈಮುನಬಿಯ ಕಟ್ಟೆಯಿಂದ ಗುಡಿಯ ಮೂಲೆಯ ತನಕ, ಸಾವಿರಾರು ಎಳೆ ಬಿಗಿಯಾಗಿ ನಿಂತಿದ್ದವು, ಮಾವ ಕಳಕಪ್ಪ ಒಂದು ಕಡೆ, ಹಾಲೇಶ ಇನ್ನೊಂದು ಕಡೆ, ದೊಡ್ಡ ಕುಂಚದಿಂದ ಗಂಜಿ ತೀಡುತ್ತಿದ್ದರು, ಓಣಿಯವರೆಲ್ಲ ಒಂದೊಂದು ಕೈ ಹಚ್ಚಿದ್ದರು, ಎಲ್ಲಿತ್ತೋ ಮಳೆ, ಮೋಡವಿಲ್ಲ ಗುಡುಗಿಲ್ಲ, ದಪದಪ ಸುರಿಯಿತು, ಎತ್ತರಿ ಎತ್ತರಿ ಎಂದು ಕೂಗಾಟ, ಎತ್ತುವಷ್ಟರಲ್ಲಿ ಎಲ್ಲ ತೊಯ್ದು ತಪ್ಪಡಿ, ಎಳೆಗಳಿಂದ ಗಂಜಿ ಬಿಟ್ಟು ಓಣಿಯ ಗಟಾರಿನಲ್ಲಿ ಬಿಳಿ ನೀರು ಹರಿಯಿತು, ಹಾಲಿನಂತೆ ಬೆಳ್ಳಗೆ, ಶಂಕ್ರವ್ವ ಸೆರಗು ತಲೆಗೆ ಹೊದ್ದು ಆ ಬಿಳಿ ನೀರನ್ನೇ ನೋಡುತ್ತ ನಿಂತಳು, ಹೋತು, ಎಲ್ಲಾ ಹೋತು, ಎಂದಳು. ಆ ಹಾಸನ್ನು ಆಮೇಲೆ ಮಗ್ಗಕ್ಕೇರಿಸಿದರು, ಹಣಿಗೆ ಬಡಿದಾಗೊಮ್ಮೆ ಎಳೆ ಪಟಪಟ ಹರಿಯಿತು, ಕಟ್ಟುವುದು ಹರಿಯುವುದು ಕಟ್ಟುವುದು ಹರಿಯುವುದು, ಕಡೆಗೆ ಮಾವ ಕತ್ತರಿ ತಂದು ಮಗ್ಗದಿಂದಲೇ ಕತ್ತರಿಸಿ ಇಳಿಸಿದರು.

ಬಿಳಿ ನೀರು. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಸ್ನಾನಕ್ಕೆ ಕೂತಾಗ ಅವಳ ಕಣ್ಣ ಮುಂದೆ ಬಂದದ್ದು ಅದೇ, ತನ್ನ ಹೊಟ್ಟೆಯಿಂದ ಬಚ್ಚಲ ಮೋರಿಗೆ ಬಿಳಿ ನೀರು ಹರಿದುಹೋದ ಹಾಗೆ, ತಂಬಿಗೆ ಎತ್ತಿದ ಕೈ ಅಲ್ಲೇ ನಿಂತಿತು, ಎದ್ದು ಹೋಗಿ ಸೀರೆ ಕಟ್ಟಿಡುವ ಪ್ಲಾಸ್ಟಿಕ್ ಕವರು ತಂದಳು, ಮನೆಯಲ್ಲಿ ಅದಕ್ಕೇನು ಬರ, ನಾಲ್ಕು ಕವರು ಕತ್ತರಿಸಿ ಅಂಟಿಸಿ ಹೊಟ್ಟೆಗೆ ಸುತ್ತಿ ಮೇಲೆ ಅರಿವೆ ಬಿಗಿದು ನೀರು ಹಾಕಿಕೊಂಡಳು, ನಾಳೆಯೂ, ನಾಡಿದ್ದೂ, ಗಾಯ ಮಾಯಿತು, ಕವರು ಹೋಗಲಿಲ್ಲ, ಚಳಿಗಾಲ ಬಂತು, ಬೇಸಿಗೆ ಬಂತು, ಬಸುರಾದಳು, ಕವರು ಉದ್ದವಾಯಿತು, ಹೊಟ್ಟೆಯನ್ನು ಒಣ ಅರಿವೆಯಿಂದಷ್ಟೇ ಒರೆಸಿಕೊಳ್ಳುವುದು, ಬೆವರಿಗೆ ಕೆರೆತ, ಕೆರೆತಕ್ಕೆ ಕೊಬ್ಬರಿ ಎಣ್ಣೆ, ಹಾಲೇಶನಿಗೂ ಹೇಳಲಿಲ್ಲ, ಹೇಳಿದರೆ ನಗುತ್ತಾನೆ, ನಕ್ಕರೆ ಕವರು ಬಿಚ್ಚಬೇಕಾಗುತ್ತದೆ, ಬಿಚ್ಚಿದರೆ. ಮನಸ್ಸಿಗೆ ಎಲ್ಲೋ ಗೊತ್ತಿತ್ತು ಇದು ಹುಚ್ಚು ಎಂದು, ಗೊತ್ತಿದ್ದರೂ ಕೈ ಕೇಳುತ್ತಿರಲಿಲ್ಲ, ಹೆದರಿಕೆ ಅಂದರೆ ಹಾಗೆ, ಅದಕ್ಕೆ ಬುದ್ಧಿ ಹೇಳಲು ಹೋದವರು ಸೋಲುತ್ತಾರೆ. ಇವತ್ತೂ ಕವರಿನ ಮೇಲೆಯೇ ನೀರು ಹಾಕಿಕೊಂಡು ಬಂದಿದ್ದಾಳೆ, ಇಲ್ಲಿಯ ಪಾಯಿಖಾನೆಯೊಳಗೆ ಬಿಚ್ಚಿ, ಮಡಚಿ, ಚೀಲದಲ್ಲಿ ಬುತ್ತಿಯ ಕೆಳಗೆ ತುರುಕಿದ್ದಾಳೆ.

ಇದ್ಯಾಕ ಹಿಂಗ ಕೆಂಪಗಾಗೇತಿ, ಡಾಕ್ಟರ್ ಇಷ್ರತರ ಕೈ ನಿಂತಿತು, ಹೊಟ್ಟೆಯ ಸುತ್ತ ಪಟ್ಟಿ ಎಳೆದಂತೆ ಚರ್ಮ ಕೆಂಪೇರಿ ಗುಳ್ಳೆ ಎದ್ದಿದೆ, ಏನ ಕಟಗೊಂತೀ ಇಲ್ಲೆ, ಬೆಲ್ಟೇನು, ಅವಳು ಫ್ಯಾನಿನ ಸೊಟ್ಟ ರೆಕ್ಕೆ ನೋಡಿದಳು, ಪ್ಲಾಸ್ಟಿಕ್ರೀ, ಯಾಕ, ನೀರ ತಾಗಬಾರದಂತ್ರಿ, ಯಾಕ ತಾಗಬಾರದು, ಕರಗ್ತೈತಲ್ರಿ, ಏನ ಕರಗ್ತೈತಿ — ಮತ್ತೆ ಎಲ್ಲ ಬಂದುಬಿಟ್ಟಿತು, ಬಾಯಿಗೆ ಕಟ್ಟಿದ ಗಂಟು ಬಿಚ್ಚಿದ ಹಾಗೆ, ಜಾಳಿಗೆ, ಗಂಜಿ, ಮಳೆ, ಗಟಾರಿನ ಬಿಳಿ ನೀರು, ಕುಬಸ ಮುಂದೂಡಿದ್ದು, ಅತ್ತೆ ಕೇಳಿದ ಮಾತು, ಮೊನ್ನೆಯ ಗಂಟು, ಹೇಳುತ್ತ ಹೇಳುತ್ತ ಕಣ್ಣೀರು ಕಿವಿಯ ಹಿಂದೆ ಇಳಿಯಿತು, ಡಾಕ್ಟರು ನಗುತ್ತಾರೆ ಈಗ, ನಗಲಿ, ನಕ್ಕರೂ ಸರಿ ನೋಡಿ ಹೇಳಲಿ. ಅವರು ನಗಲಿಲ್ಲ. ಒಂದು ಗಳಿಗೆ ಅವಳ ಮುಖವನ್ನೇ ನೋಡಿದರು, ಎರಡ ವರ್ಷಾ ಎಂದರು, ಎರಡ ವರ್ಷ ಹೊಟ್ಟಿಗೆ ನೀರ ಹಾಕಿಲ್ಲ, ಹೂಂ ಎಂದಳು, ಅವರು ಉಸಿರು ಬಿಟ್ಟರು, ಮಷೀನನ್ನು ಹೊಟ್ಟೆಯ ಮೇಲೆ ಮತ್ತೆ ಇಟ್ಟರು, ಸಾವಕಾಶ, ಬಲದಿಂದ ಎಡಕ್ಕೆ, ಮೇಲಿಂದ ಕೆಳಕ್ಕೆ, ಸಾಲು ಸಾಲಾಗಿ, ಕೆಮ್ಮು ನೋಡೋಣ, ಕೆಮ್ಮಿದಳು, ಇನ್ನೊಮ್ಮಿ ಜೋರಾಗಿ, ಹೆದರಬ್ಯಾಡ, ಕೆಮ್ಮಿದಳು, ಕೈ ಗಾಯದ ಮೇಲೆ ಹೋಗಲು ನೋಡಿತು, ಡಾಕ್ಟರು ಆ ಕೈಯನ್ನು ಹಿಡಿದುಕೊಂಡರು, ಬಿಡಲಿಲ್ಲ. ಹೇಳಿ ತಾಯಿ, ಹೇಳಿಬಿಡಿ, ನೂಲೋ ಬಟ್ಟೆಯೋ.

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಕೂಸನ್ನ ತೋರಸಾಕತ್ತಿಲ್ಲ ಮತ್ತ, ನಿನ್ನ ಹೊಟ್ಟಿ ಗ್ವಾಡಿ ಅಷ್ಟ ತೋರಸತೇನಿ, ನೋಡಿಲ್ಲೆ, ಬೂದಿಬಣ್ಣದ ಮೋಡದ ನಡುವೆ ಒಂದು ಬಿಳಿಯ ಗೆರೆ, ಇಲ್ಲಿಂದ ಅಲ್ಲಿಯ ತನಕ, ಎಲ್ಲೂ ತುಂಡಾಗಿಲ್ಲ, ಸೀರೆಯ ಅಂಚಿನ ಹಾಗೆ ಒಂದೇ ಸಮ, ಇದು ನಿನ್ನ ಗ್ವಾಡಿ, ಎಲ್ಲೂ ತೂತಿಲ್ಲ, ಕೆಮ್ಮಿದಾಗ ನೋಡಿದ್ನಿ, ಜಗ್ಗಲಿಲ್ಲ, ಭಾಳ ಚಲೋ ಐತಿ. ಮತ್ತ ಜಾಳಿಗಿ ಎಲ್ಲೈತ್ರೀ, ಎಂದಳು, ದನಿ ತನ್ನದೇ ಎಂದು ತಿಳಿಯಲಿಲ್ಲ. ಇಲ್ಲ. ಡಾಕ್ಟರು ಪರದೆಯನ್ನು ತಾವೂ ನೋಡುತ್ತ ಹೇಳಿದರು, ನಾನೂ ಅದನ್ನ ಹುಡುಕಾಕತ್ತಿದ್ನಿ, ಓದಿದ್ದೆ, ಖರೇ ಹೇಳಬೇಕಂದ್ರ ಇಂಥಾದ್ದ ಕಣ್ಣಾರೆ ನೋಡೂದು ಇದ ಮೊದಲನೇದು, ಇಲ್ಲೆ ಇತ್ತು, ಅಂಗೈ ಅಗಲ, ಈಗ ಹುಡುಕಿದ್ರೂ ಸಿಗವಲ್ದು, ಇರೋದೆಲ್ಲಾ ನಿಂದ. ಎಲ್ಲಿಗೆ ಹೋತ್ರಿ ಹಂಗಾದ್ರ, ನಾ ಒಂದ ಹನಿ ನೀರ ತಾಗಿಸಿಲ್ರೀ, ಆಗ ಡಾಕ್ಟರು ನಕ್ಕರು, ಮೊದಲ ಸಲ, ನಗುವಿನಲ್ಲಿ ಅವರ ಕಣ್ಣೂ ತುಂಬಿತ್ತು, ಹೊರಗಿನ ನೀರಿಗೂ ಅದಕ್ಕೂ ಏನ ಸಂಬಂಧ ಇಲ್ಲವ್ವ, ಅದು ಒಳಗ ಕರಗಿ ಸಣ್ಣದಾಗಿ ಸಣ್ಣದಾಗಿ, ಕಡೀಕ ಗಾಳಿ ಆತು ನೀರಾತು, ನೀ ಬಿಡೋ ಉಸಿರಿನಾಗ ಹೊರಗ ಹೊಂಟ ಹೋತು, ದಿನಾ ಒಂದೀಟು, ಮಲಗಿದಾಗ, ಮಾತಾಡುವಾಗ. ಅಷ್ಟರಲ್ಲಿ ಹಳೆಯ ಜಾಗದಲ್ಲಿ ಗಂಟು ಎದ್ದಿತು, ಅದೇ, ಲಿಂಬೆಹಣ್ಣಿನಷ್ಟು, ಇದ ನೋಡ್ರಿ, ಇದ, ಎಂದು ಮಹೇಶ್ವರಿ ಚೀರಿದಳು, ಡಾಕ್ಟರು ಮಷೀನನ್ನು ಅದರ ಮೇಲಿಟ್ಟು ನೋಡಿ, ಇದು ಹಿಮ್ಮಡ ಎಂದರು, ನಿನ್ನ ಕೂಸಿನ ಹಿಮ್ಮಡ, ಒಳಗಿಂದ ಗ್ವಾಡಿಗೆ ಒದ್ದು ನೋಡಾಕತ್ತೈತಿ ಗಟ್ಟಿ ಐತೋ ಇಲ್ಲೋ ಅಂತ, ನಿನಗಿಂತ ಅದಕ್ಕ ಧೈರ್ಯ ಜಾಸ್ತಿ ಐತಿ ನೋಡು.

ಹಿಮ್ಮಡ. ಬಸ್ಸಿನಲ್ಲಿ ಕೂತಾಗಲೂ ಅದೇ ಮಾತು, ಕಿಟಕಿಯಾಚೆ ಕಪ್ಪು ನೆಲ, ಕೊಯ್ಲಾದ ಜೋಳದ ಕೂಳೆ, ಹಾಲೇಶ ಪಕ್ಕದಲ್ಲಿ, ಡಾಕ್ಟರು ಒಳಗೆ ಕರೆದು ಎಲ್ಲ ಹೇಳಿದ್ದಾರೆ, ಮುಲಾಮು ಬರೆದುಕೊಟ್ಟಿದ್ದಾರೆ, ಇವತ್ತಿನಿಂದ ದಿನಾ ಮೈತುಂಬ ನೀರು ಹಾಕೊಳ್ಳಬೇಕು ಎಂದು ತಾಕೀತು ಮಾಡಿದ್ದಾರೆ, ಅವನು ಮೊದಲು ನಗಲು ನೋಡಿದ, ಆಗಲಿಲ್ಲ, ನಮ್ಮ ಸೀರಿ ಕವರೇನ ಎಂದಷ್ಟೇ ಕೇಳಿ ಅವಳ ಚೀಲವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ, ಅದರ ಮೇಲೆ ಎರಡೂ ಕೈ ಇಟ್ಟು ಕೂತ. ಅವಳು ಉಸಿರು ಬಿಟ್ಟಳು, ಬಿಟ್ಟ ಉಸಿರು ಕಿಟಕಿಯ ಗಾಜಿಗೆ ತಾಗಿ ಸ್ವಲ್ಪ ಮಬ್ಬಾಯಿತು, ಆ ಮಬ್ಬನ್ನು ನೋಡಿದಳು, ಹೀಗೆಯೇ ಹೋಯಿತೇ ಆ ಜಾಳಿಗೆ, ಆ ಬೆಳ್ಳನೆಯ ತುಣುಕು, ರೇಷ್ಮಾಳಿಗೆ ಜಡೆ ಹಾಕುವಾಗ, ಅತ್ತೆಯ ಜೊತೆ ಜಗಳ ಆಡುವಾಗ, ಒಲೆ ಊದುವಾಗ ಅದೂ ಹೋಯಿತೇ ಉರಿಯೊಳಗೆ, ಈ ರಸ್ತೆಯ ಗಾಳಿಯಲ್ಲೂ ಅದರದೊಂದು ಪಾಲು ಇದ್ದೀತೇ, ತಾನು ಬಾಗಿಲಿಗೆ ಚಿಲಕ ಹಾಕಿ ಕಾವಲು ಕೂತಿದ್ದಳು, ಅದು ಮೂಗಿನಿಂದ ಹೊರಗೆ ನಡೆದಿತ್ತು, ಹೇಳದೆ ಕೇಳದೆ, ಮಾಡುವ ಕೆಲಸ ಮುಗಿಸಿ. ಮಳೆಗೆ ತೊಯ್ದದ್ದು ನೂಲು, ಹೌದು, ಅದು ಹರಿಯಿತು, ಆದರೆ ನೇಯ್ದು ಇಳಿಸಿದ ಸೀರೆಯನ್ನು ಮೊದಲ ಸಲ ಒಗೆಯುವಾಗ ಗಂಜಿ ಹೋಗುವುದಿಲ್ಲವೇ, ಎಷ್ಟು ಸಲ ಒಗೆದಿದ್ದಾಳೆ, ಬಕೀಟಿನ ತುಂಬ ಬಿಳಿ ನೀರು, ಸೀರೆಗೆ ಏನಾಯಿತು, ಮೆತ್ತಗಾಯಿತು, ಮೈಗೆ ಹತ್ತಿತು, ಹರಿಯಲಿಲ್ಲವಲ್ಲ, ಇದು ತನಗೆ ಗೊತ್ತೇ ಇತ್ತು, ಎರಡು ವರ್ಷ ದಿನಾ ಕಣ್ಣ ಮುಂದೆ ಇತ್ತು, ಒಂದು ಬಿಳಿ ನೀರನ್ನು ನೋಡಿ ಇನ್ನೊಂದು ಬಿಳಿ ನೀರನ್ನು ಮರೆತಿದ್ದಳು. ಕಣ್ಣಿಗೆ ಕಾಣದ ಜೀವ ನೂಲು ಕೊಟ್ಟಿತು, ಯಾರೋ ಹೆಣೆದರು, ಯಾರೋ ಕೊಯ್ದು ಒಳಗಿಟ್ಟರು, ಆದರೆ ನೇಯ್ದದ್ದು ಯಾರು, ತಾನೇ, ನಿದ್ದೆಯಲ್ಲಿ, ಮಗ್ಗವಿಲ್ಲದೆ, ಲಾಳಿಯಿಲ್ಲದೆ, ಸದ್ದಿಲ್ಲದೆ, ಇಷ್ಟು ದೊಡ್ಡ ಕೆಲಸ ಮೈಯೊಳಗೆ ನಡೆದದ್ದು ಮೈಯ ಒಡತಿಗೇ ತಿಳಿಯಲಿಲ್ಲ, ಅವಳಿಗೆ ತನ್ನ ಹೊಟ್ಟೆಯ ಬಗ್ಗೆಯೇ ಭಯಭಕ್ತಿ ಹುಟ್ಟಿತು, ಗುಡಿಯ ಮುಂದೆ ನಿಂತಾಗ ಆಗುವಂಥದ್ದು, ಕಣ್ಣು ಮುಚ್ಚಿದಳು. ಹಾಲೇಶ ಯಾಕ ಎಂದ, ಏನಿಲ್ಲ ಎಂದಳು.

ಮನೆ ಮುಟ್ಟಿದಾಗ ಮಧ್ಯಾಹ್ನ, ಶಂಕ್ರವ್ವ ಹೊಸ್ತಿಲಲ್ಲೇ ಕೂತಿದ್ದಳು, ಬೆಳಿಗ್ಗೆಯಿಂದ ಒಂದು ತುತ್ತು ಉಂಡಿಲ್ಲವೆಂದು ಮೈಮುನಬಿ ಹೇಳಿದಳು, ಏನಂದ್ರು ಎಂದು ಕೇಳುವ ಧೈರ್ಯ ಮುದುಕಿಗಿರಲಿಲ್ಲ, ಮಗನ ಮುಖ, ಸೊಸೆಯ ಮುಖ, ಮತ್ತೆ ಮಗನ ಮುಖ, ಮಹೇಶ್ವರಿ ಚೀಲದಿಂದ ಕವರು ತೆಗೆದು ಅವಳ ಕೈಗೆ ಕೊಟ್ಟಳು, ಅತ್ತಿ, ಕೂಸು ಬ್ಯಾಡಾಗಿದ್ರ ಇದನ್ನ ಎರಡ ವರ್ಷ ಕಟಗೊಂತಿದ್ನೇನು, ಎಂದು ಅಲ್ಲೇ ಕೂತು ಎಲ್ಲ ಹೇಳಿದಳು. ಶಂಕ್ರವ್ವ ಆ ಕವರನ್ನು ತಿರುವಿ ಮುರುವಿ ನೋಡಿದಳು, ಕತ್ತರಿಸಿ ಅಂಟಿಸಿದ ಜಾಗಗಳನ್ನು ಬೆರಳಿನಿಂದ ಸವರಿದಳು, ಹುಚ್ಚಿ, ಎಂದಳು, ಹುಚ್ಚಿ, ನನಗರ ಹೇಳಬಾರದೇನ, ಎಂದಳು, ಎದ್ದು ಒಲೆಗೆ ಹತ್ತಿಕಟ್ಟಿಗೆ ಹೆಟ್ಟಿ ಹಂಡೆಯ ನೀರು ಕಾಯಿಸಿದಳು, ಕುಬಸ ಬರೋ ಸೋಮವಾರ, ಇವತ್ತ ನಾ ಒಬ್ಬಾಕೀನ ಎರೀತೇನಿ, ಯಾರೂ ಬ್ಯಾಡ. ಬಚ್ಚಲ ಕಲ್ಲಿನ ಮೇಲೆ ಮಹೇಶ್ವರಿ ಕೂತಿದ್ದಾಳೆ, ಹೊಟ್ಟೆಯ ಮೇಲೆ ಕವರಿಲ್ಲ, ಕೆಂಪು ಪಟ್ಟಿಗೆ ಗಾಳಿ ತಾಗಿ ಚುರುಗುಟ್ಟುತ್ತಿದೆ, ಹಿಂದೆ ಅತ್ತೆ ನೀರಿಗೆ ಕೈ ಅದ್ದಿ ಹದ ನೋಡುತ್ತಿದ್ದಾಳೆ, ತಂಬಿಗೆ ಹಂಡೆಗೆ ತಾಗಿದ ಸದ್ದು, ಎಲ್ಲ ಗೊತ್ತು, ಬಿಳಿ ಗೆರೆ ಕಂಡದ್ದು ಗೊತ್ತು, ಉಸಿರಿನಲ್ಲಿ ಹೋದದ್ದು ಗೊತ್ತು, ಆದರೂ ಕೈ ಹೊಟ್ಟೆಯ ಮೇಲೆ ಹೋಯಿತು, ಕೈ ತಗೀ, ಎಂದಳು ಶಂಕ್ರವ್ವ, ತೆಗೆದಳು, ನೀರು ಬಿತ್ತು, ಬಿಸಿ, ಹೊಕ್ಕುಳ ಮೇಲಿಂದ ಗಾಯದ ಮೇಲೆ, ಅಬ್ಬಾ, ಎಷ್ಟು ಬಿಸಿ, ಎಷ್ಟು ದಿನವಾಗಿತ್ತು, ಒಳಗೆ ಕೂಸು ಹೊರಳಿತು, ಹಿಮ್ಮಡ ಎದ್ದಿತು, ಅದರ ಮೇಲೆಯೂ ನೀರು ಬಿತ್ತು, ತೊಡೆಯಿಂದ ಇಳಿಯಿತು, ಕಲ್ಲಿನ ಮೇಲೆ ಹರಡಿತು, ಮೋರಿಯ ಕಡೆ ಓಡಿತು, ಅವಳು ಬಗ್ಗಿ ನೋಡಿದಳು, ಏನ ನೋಡಾಕತ್ತಿ ಎಂದಳು ಶಂಕ್ರವ್ವ, ನೀರು ಎಂದಳು, ಶಂಕ್ರವ್ವನೂ ತಂಬಿಗೆ ಹಿಡಿದುಕೊಂಡೇ ಬಗ್ಗಿದಳು, ಆ ದಿನ ಗಟಾರಿನ ಮುಂದೆ ನಿಂತವಳು, ಇಬ್ಬರೂ ಮೋರಿಯ ಬಾಯಿಯನ್ನೇ ನೋಡಿದರು, ನೀರು ಹರಿಯಿತು, ಕೆಳಗಿನ ಕಲ್ಲು ಕಂಡಿತು, ಕಲ್ಲಿನ ಬಿರುಕು ಕಂಡಿತು, ಅತ್ತೆ ಇನ್ನೊಂದು ತಂಬಿಗೆ ಸುರಿದಳು, ಬಿಳಿ ಇಲ್ಲ, ಇನ್ನೊಂದು, ಬಿಳಿ ಇಲ್ಲ, ತಿಳಿ ನೀರು, ಬರೀ ತಿಳಿ ನೀರು.